ಪಾರ್ಕಿನಲ್ಲಿ ಅಕ್ಕನ ಪಥ್ಯ

ಅಕ್ಕ ಮುದ್ದೆ ಬಿಟ್ಟಳು ಎಂಬ ಸುದ್ದಿಯನ್ನು ನನಗೆ ಮೊದಲು ಹೇಳಿದವಳು ಅವಳ ಸೊಸೆ. ಮನೆಯಲ್ಲಿ ಯಾರೋ ಹೇಳದೆ ಕೇಳದೆ ಎದ್ದು ಹೋದರು ಎನ್ನುವ ಹಾಗಿತ್ತು ಫೋನಿನಲ್ಲಿ ಅವಳ ದನಿ.

"ಮುದ್ದೆನೂ ಬುಟ್ಟವ್ರೆ, ಅನ್ನಾನೂ ಬುಟ್ಟವ್ರೆ ಚಿಕ್ಕಮ್ಮ. ಚಪಾತಿ ಮಾಡ್ಕೊಡ್ತೀನಿ ಅಂದ್ರೆ ಅದೂ ಬ್ಯಾಡ್ವಂತೆ. ಬರೀ ಪಲ್ಯ ತಿಂದ್ಕೊಂಡ್ ಕೂತಿರ್ತಾರೆ. ನೀವಾದ್ರೂ ಒಂದ್ ಮಾತು ಹೇಳಿ."

ನಮ್ಮ ಕಡೆಯವರಿಗೆ ಇದು ಸಣ್ಣ ಸುದ್ದಿಯಲ್ಲ. ಅಕ್ಕನೂ ನಾನೂ ಗುಬ್ಬಿ ತಾಲ್ಲೂಕಿನ ಹಾಗಲವಾಡಿ ಪಕ್ಕದ ಹಳ್ಳಿಯಲ್ಲಿ ಹುಟ್ಟಿದವರು. ಹೊಲದಲ್ಲಿ ರಾಗಿ, ತೋಟದಲ್ಲಿ ತೆಂಗು. ಮುದ್ದೆ ಉಂಡರೆ ಮಾತ್ರ ಊಟ, ಉಳಿದದ್ದೆಲ್ಲ ಬಾಯಾಡಿಸುವುದು ಎಂದು ನಂಬಿದ್ದ ಮನೆ. ಅಕ್ಕನನ್ನು ಕುಣಿಗಲ್ಲಿಗೆ ಕೊಟ್ಟರು, ನನ್ನನ್ನು ತುಮಕೂರಿಗೆ. ನಾನು ಇಲ್ಲಿ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಅಕ್ಕ ಅಲ್ಲಿ ದೊಡ್ಡ ಸಂಸಾರಕ್ಕೆ ಬೇಯಿಸಿ ಹಾಕಿದಳು. ಬಾವ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದರು. ಅಂಗಡಿಗೆ ಬಂದ ಹಳ್ಳಿಯವರನ್ನು ಹಾಗೆಯೇ ಊಟಕ್ಕೆ ಕರೆದುಕೊಂಡು ಬರುವುದು ಅವರ ಅಭ್ಯಾಸ. ಎಷ್ಟು ಜನ ಬಂದರೂ ಅಕ್ಕ ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಿಲ್ಲ. ತನ್ನ ಮನೆಯಲ್ಲಿ ಉಂಡವರು ಮತ್ತೊಮ್ಮೆ ಬಡಿಸಿಕೊಳ್ಳದಿದ್ದರೆ ಅವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಬಾವನಿಗೆ ಶುಗರ್ ಇತ್ತು. ಕಾಲಿನ ಗಾಯ ಒಣಗದೆ ಬೆರಳು ತೆಗೆದರು, ಆಮೇಲೆ ಪಾದ ತೆಗೆದರು, ಕೊನೆಗೆ ಕಿಡ್ನಿ ಕೈಕೊಟ್ಟಿತು. ಅವರು ಹೋದ ಮೇಲೆ ಅಕ್ಕನಿಗೂ ಅದೇ ಕಾಯಿಲೆ ಇರುವುದು ಗೊತ್ತಾಯಿತು. ಎಷ್ಟು ವರ್ಷದಿಂದ ಇತ್ತೋ. ಗಂಡನ ಆರೈಕೆಯಲ್ಲಿ ತನ್ನ ರಕ್ತ ಪರೀಕ್ಷೆ ಮಾಡಿಸುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಗೊತ್ತಾಗುವ ಹೊತ್ತಿಗೆ ಅದು ಕಣ್ಣಿಗೆ ಬಂದಿತ್ತು. ಎಡಗಣ್ಣಿನ ಮುಂದೆ ಕೂದಲಿನ ಎಳೆ ತೇಲಿದ ಹಾಗೆ ಕಾಣುತ್ತದೆ ಎಂದು ಶುರುವಾದದ್ದು, ಕಣ್ಣೊಳಗೆ ಇಂಜೆಕ್ಷನ್ ಹಾಕಿಸುವವರೆಗೂ ಹೋಯಿತು. ಆ ಕಣ್ಣಿನ ಆಸೆ ಬಿಡಿ, ಬಲಗಣ್ಣನ್ನು ಉಳಿಸಿಕೊಳ್ಳೋಣ ಎಂದು ಕಣ್ಣಿನ ಡಾಕ್ಟರು ಹೇಳಿದ್ದರು.

ಪಥ್ಯದ ವಿಚಾರ ಅವಳಿಗೆ ಸಿಕ್ಕಿದ್ದು ಆ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲೆ. ಪಕ್ಕದಲ್ಲಿ ಕೂತಿದ್ದ ಬೆಳ್ಳಾವಿಯ ಹೆಂಗಸೊಬ್ಬರು, ತಾನು ಅನ್ನ, ರಾಗಿ, ಗೋಧಿ ಎಲ್ಲ ಬಿಟ್ಟ ಮೇಲೆ ಶುಗರ್ ಹೇಗೆ ಇಳಿಯಿತು ಎಂದು ವಿವರವಾಗಿ ಹೇಳಿದರಂತೆ. ತರಕಾರಿ, ಸೊಪ್ಪು, ಮಜ್ಜಿಗೆ, ಪನೀರು, ಕಡಲೆಕಾಯಿ ಬೀಜ, ತೆಂಗಿನಕಾಯಿ ಎಷ್ಟು ಬೇಕಾದರೂ ತಿನ್ನಬಹುದು, ಧಾನ್ಯದಿಂದ ಮಾಡಿದ ಏನನ್ನೂ ಮುಟ್ಟಬಾರದು. ಅಕ್ಕ ಮಾರನೆಯ ದಿನದಿಂದಲೇ ಹಿಡಿದಳು.

ನಾನು ಕುಣಿಗಲ್ಲಿಗೆ ಹೋಗಿ ಬುದ್ಧಿ ಹೇಳುವ ಬದಲು ಅವಳ ಜೊತೆ ಸೇರಿಕೊಂಡೆ. ನನ್ನ ಶುಗರ್ ಕೂಡ ಅಂಚಿನಲ್ಲಿತ್ತು. ಮಾತ್ರೆ ಇನ್ನೂ ಕೊಟ್ಟಿರಲಿಲ್ಲ, ತೂಕ ಇಳಿಸಿ ಎಂದು ಹೇಳಿ ಕಳುಹಿಸಿದ್ದರು. ಜೊತೆಗೊಬ್ಬರು ಇದ್ದರೆ ಇಬ್ಬರಿಗೂ ಅನುಕೂಲ ಎನ್ನಿಸಿತು. ನಮ್ಮದು ಲಿಂಗಾಯತರ ಮನೆ, ಮೊಟ್ಟೆಯಿಲ್ಲ, ಮಾಂಸವಿಲ್ಲ. ಅವೆರಡೂ ಇಲ್ಲದೆ ಈ ಪಥ್ಯ ನಡೆಸುವುದೆಂದರೆ ಸೊಪ್ಪಿನ ಬುಟ್ಟಿಯ ಮುಂದೆ ಜೀವನ ಕಳೆಯುವುದು. ಹೂಕೋಸನ್ನು ತುರಿದು ಉಪ್ಪಿಟ್ಟಿನ ಹಾಗೆ ಒಗ್ಗರಣೆ ಹಾಕುವುದನ್ನು ನಾನು ಕಲಿತೆ. ಅಕ್ಕನಿಗೆ ಕಲಿಸಲು ಹೋದರೆ ನಕ್ಕಳು.

"ಪಲ್ಯಕ್ಕೆ ಪಲ್ಯಾನೇ ನೆಂಚ್ಕೊಂಡು ತಿನ್ನೋದು ಕಣೇ ಇದು. ಗಂಡಿಲ್ದೆ ಮದ್ವೆ ಮಾಡ್ದಂಗೆ."

ನಗುತ್ತಿದ್ದಳೇ ಹೊರತು ಒಂದು ತುತ್ತೂ ತಪ್ಪುತ್ತಿರಲಿಲ್ಲ. ನನ್ನಿಂದ ಆ ಕಟ್ಟುನಿಟ್ಟು ಆಗಲಿಲ್ಲ. ಕಾಲೇಜಿನಲ್ಲಿ ಯಾರದ್ದಾದರೂ ಹುಟ್ಟುಹಬ್ಬವಿದ್ದರೆ ಒಂದು ತುಂಡು ಕೇಕು ಬಾಯಿಗೆ ಹೋಗುತ್ತಿತ್ತು. ಬೆಳಗ್ಗೆ ಕ್ಯಾತ್ಸಂದ್ರದ ಕಡೆ ಹೋದರೆ ತಟ್ಟೆ ಇಡ್ಲಿಯ ಹಬೆ ನೋಡಿಕೊಂಡು ಸುಮ್ಮನೆ ಮುಂದೆ ಹೋಗುವುದು ಎಲ್ಲ ದಿನವೂ ಆಗುತ್ತಿರಲಿಲ್ಲ. ಅಕ್ಕ ಹಾಗಲ್ಲ. ಮಠದಲ್ಲಿ ದಾಸೋಹದ ಪ್ರಸಾದವನ್ನೂ ಕಣ್ಣಿಗೊತ್ತಿಕೊಂಡು ಪಕ್ಕದವರ ಎಲೆಗೆ ಹಾಕಿಬಿಟ್ಟಳು. ಅದನ್ನು ನೋಡಿದ ದಿನ ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ಕಣ್ಣಿನ ಭಯ ಇಷ್ಟು ಗಟ್ಟಿ ಮಾಡುತ್ತದೆಯೇ ಎಂದುಕೊಂಡೆ.

ಬೇಸಿಗೆ ರಜೆಯಲ್ಲಿ ಅಕ್ಕನ ಮಗ ಎಲ್ಲರನ್ನೂ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆಂದ. ಹೆದ್ದಾರಿಯ ಪಕ್ಕದಲ್ಲಿ ರಾಟೆ, ರೈಲು, ಅಲೆಯೇಳುವ ಈಜುಕೊಳ ಎಲ್ಲ ಇರುವ ದೊಡ್ಡ ಪಾರ್ಕು. ಮೊಮ್ಮಗಳಿಗೆ ಏಳು ವರ್ಷ. ಅಜ್ಜಿ ಬಂದರೆ ಮಾತ್ರ ತಾನು ಬರುವುದು ಎಂದು ಅವಳು ಹಟ ಹಿಡಿದಳು. ಅಕ್ಕ ಮೊದಲು ಒಪ್ಪಲಿಲ್ಲ. ಆಮೇಲೆ ಅವಳೇ ನನಗೆ ಫೋನ್ ಮಾಡಿದಳು.

"ನೀನೂ ಬಾರೇ. ಕಣ್ಣಿರೋವಾಗ್ಲೇ ಆ ಮಗು ಆಡೋದ್ನ ಒಂದ್ಸಲ ನೋಡ್ಬುಡ್ತೀನಿ. ನೀನ್ ಜೊತೇಲಿದ್ರೆ ಕೈ ಹಿಡ್ಕೊಂಡು ಓಡಾಡ್ಬೋದು."

ಹಿಂದಿನ ದಿನ ಸಂಜೆ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ಬೆಳಗ್ಗೆ ಅಕ್ಕ ಎಲ್ಲರಿಗಿಂತ ಮೊದಲೇ ಎದ್ದು ನಮ್ಮಿಬ್ಬರ ಬುತ್ತಿ ಕಟ್ಟಿದ್ದಳು. ಹುರುಳಿಕಾಯಿ ಪಲ್ಯಕ್ಕೆ ಕಾಯಿತುರಿ ಧಾರಾಳವಾಗಿ ಹಾಕಿದ್ದಳು. ಪನೀರು ಹುರಿದಿದ್ದಳು. ಕಡಲೆಕಾಯಿ ಬೀಜ, ಸೌತೆಕಾಯಿ, ಒಂದು ಬಾಟಲಿ ಮಜ್ಜಿಗೆ. ಮನೆಯವರೆಲ್ಲ ಇಡ್ಲಿ ತಿನ್ನುವಾಗ ಅಕ್ಕ ಎರಡು ಚಮಚ ಪಲ್ಯ ತಿಂದು, ಎಂದಿನಂತೆ ಇನ್ಸುಲಿನ್ ಚುಚ್ಚಿಕೊಂಡಳು. ಬುತ್ತಿ ಇದೆಯಲ್ಲ, ಹತ್ತು ಹನ್ನೊಂದು ಗಂಟೆಗೆ ಸರಿಯಾಗಿ ಉಣ್ಣುತ್ತೇನೆ ಎಂದಳು. ಹೊಸ ಸೀರೆ ಉಟ್ಟಿದ್ದಳು. ವಿಭೂತಿ ಇಟ್ಟುಕೊಂಡು ಕನ್ನಡಿಗೆ ತೀರಾ ಹತ್ತಿರ ಮುಖ ತಂದು ನೋಡಿಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಪಾರ್ಕಿನ ಬಾಗಿಲಲ್ಲಿ ಬ್ಯಾಗುಗಳನ್ನು ನೋಡುತ್ತಿದ್ದರು. ಯೂನಿಫಾರಂ ಹಾಕಿದ ಹುಡುಗಿಯೊಬ್ಬಳು ನಮ್ಮ ಡಬ್ಬಿಗಳನ್ನು ಹೊರಗಿಟ್ಟಳು.

"ಹೊರಗಿನ ಊಟ ಒಳಗೆ ಬಿಡಲ್ಲ ಅಮ್ಮ. ಚಿಕ್ ಮಕ್ಳ ಊಟ, ಔಷಧಿ ಇದ್ರೆ ಮಾತ್ರ."

"ಇವ್ರಿಗೆ ಶುಗರ್ ಇದೆ ಕಣಮ್ಮ. ಒಳಗೆ ಸಿಗೋದನ್ನ ಇವ್ರು ತಿನ್ನಂಗಿಲ್ಲ" ಎಂದೆ.

ಹುಡುಗಿ ಒರಟಾಗಿ ಮಾತಾಡಲಿಲ್ಲ. "ಹಂಗಾದ್ರೆ ಸೂಪರ್‌ವೈಸರ್ ಸಾರ್‌ನ ಕೇಳ್ತೀನಿ. ಸ್ವಲ್ಪ ಈ ಕಡೆ ನಿಂತ್ಕೊಳ್ಳಿ" ಎಂದಳು.

ನಮ್ಮ ಹಿಂದೆ ದೊಡ್ಡ ಸಾಲಿತ್ತು. ಯಾರೋ ಏನಾಯ್ತು ಎಂದು ಕೇಳುತ್ತಿದ್ದರು, ಯಾರೋ ಶುಗರ್ ಪೇಷಂಟಂತೆ ಎಂದು ಉತ್ತರ ಕೊಡುತ್ತಿದ್ದರು. ಅಕ್ಕನ ಮುಖ ಕೆಂಪಾಯಿತು. ನನ್ನ ಸೆರಗು ಹಿಡಿದು ಎಳೆದಳು.

"ಬ್ಯಾಡ ಬುಡು. ನಾನ್ ರೋಗಿಷ್ಟೆ ಅಂತ ಬಾಗ್ಲಲ್ಲಿ ನಿಂತು ಡಂಗ್ರ ಹೊಡೀಬೇಕಾ? ಡಬ್ಬಿ ಕಾರಲ್ಲಿಟ್ ಬರ್ಲಿ. ಒಂದೊತ್ತು ಉಣ್ದಿದ್ರೆ ಏನ್ ಸಾಯಲ್ಲ."

ಅವಳ ಮಗ ಡಬ್ಬಿಗಳನ್ನು ತೆಗೆದುಕೊಂಡು ಹೋಗಿ ಕಾರಿನಲ್ಲಿಟ್ಟು ಬಂದ. ಬೇಕಾದಾಗ ಹೊರಗೆ ಬಂದು ತಿಂದರಾಯಿತು ಎಂದುಕೊಂಡೆವು. ಒಳಗೆ ಹೋದ ಮೇಲೆ ಗೊತ್ತಾಯಿತು, ಒಮ್ಮೆ ಹೊರಬಿದ್ದರೆ ಮತ್ತೆ ಬಿಡುವುದಿಲ್ಲವೆಂದು.

ಮೊದಲ ಎರಡು ಗಂಟೆ ಅಕ್ಕ ಸಂತೋಷವಾಗಿದ್ದಳು. ಮೊಮ್ಮಗಳು ಬಣ್ಣದ ಕುದುರೆಯ ಮೇಲೆ ಕೂತು ಸುತ್ತುವಾಗ, ಪ್ರತಿ ಸುತ್ತಿಗೂ ಅವಳು ಈ ಕಡೆ ಬಂದಳೆಂದು ನಾನು ಅಕ್ಕನಿಗೆ ಹೇಳುತ್ತಿದ್ದೆ. ಅಕ್ಕ ಕೈ ಬೀಸುತ್ತಿದ್ದಳು. ಕೆಲವು ಸಲ ಬೇರೆಯವರ ಮಗುವಿಗೂ ಬೀಸಿದಳು. ಆ ಮಕ್ಕಳೂ ತಿರುಗಿ ಬೀಸಿದವು. ಮಗ ಸೊಸೆ ನೀರಾಟಕ್ಕೆ ಹೋದರು. ಮಗುವನ್ನು ಸಣ್ಣ ಮಕ್ಕಳ ಕೊಳದಲ್ಲಿ ಬಿಟ್ಟು ಅಂಚಿನಲ್ಲಿ ನಾವಿಬ್ಬರೂ ಕಾಲು ಇಳಿಬಿಟ್ಟು ಕೂತೆವು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು ನೀರಿಗೆ ಕಾಲು ಬಿಟ್ಟದ್ದು ನಮ್ಮೂರಿನ ಕೆರೆಯ ನಂತರ ಇದೇ ಮೊದಲು ಎಂದಳು ಅಕ್ಕ.

ಹನ್ನೆರಡರ ಹೊತ್ತಿಗೆ ಎಲ್ಲ ಕಡೆಯಿಂದ ಕರಿದ ವಾಸನೆ ಬರತೊಡಗಿತು. ತಿಂಡಿಯ ಅಂಗಡಿಗಳ ಸಾಲಿನಲ್ಲಿ ನಾನು ಒಂದೊಂದನ್ನೇ ಓದಿಕೊಂಡು ಬಂದೆ. ಗೋಬಿ ಮಂಚೂರಿ, ಆಲೂಗಡ್ಡೆ ಫ್ರೈ, ಪಲಾವ್, ನೂಡಲ್ಸ್, ಸ್ವೀಟ್ ಕಾರ್ನ್, ಪೂರಿ, ಐಸ್‌ಕ್ರೀಂ. ಮಂಚೂರಿಗೆ ಹಿಟ್ಟು ಹಾಕುತ್ತಾರೆ. ಜೋಳ ಆಗುವುದಿಲ್ಲ. ಮಜ್ಜಿಗೆ ಕೇಳಿದರೆ ಲಸ್ಸಿ ಇದೆ ಅಂದರು. ಕೊನೆಗೆ ಒಂದು ಗಾಡಿಯಲ್ಲಿ ಉಪ್ಪು ಖಾರ ಹಚ್ಚಿದ ಸೌತೆಕಾಯಿ ಹೋಳು, ಹುರಿದ ಕಡಲೆಕಾಯಿ ಸಿಕ್ಕಿತು. ತಂದುಕೊಟ್ಟೆ. ಅಕ್ಕ ಸೌತೆಕಾಯಿ ನಾಲ್ಕು ಹೋಳು ತಿಂದಳು. ಕಡಲೆಕಾಯಿ ಹಲ್ಲಿಗೆ ಗಟ್ಟಿಯಾಯಿತು, ನನ್ನ ಕೈಗೇ ಸುರಿದಳು.

ಮಗ ಒಂದು ತಟ್ಟೆ ಪಲಾವ್ ತಂದು ಅವಳ ತೊಡೆಯ ಮೇಲಿಟ್ಟ.

"ಒಂದಿನ ತಿಂದ್ರೆ ಏನೂ ಆಗಲ್ಲ ತಿನ್ನಮ್ಮ. ಎಲ್ರೂ ತಿನ್ತಿದೀವಿ, ನೀನೊಬ್ಳು ಹಂಗ್ ಕೂತ್ರೆ ನಮಗ್ ಗಂಟಲಲ್ಲಿ ಇಳೀತದಾ?"

"ನಂಗ್ ಹಸಿವಿಲ್ಲ ಕಣೋ. ನೀವ್ ತಿನ್ನಿ. ಸೌತೆಕಾಯಿ ತಿಂದೆ."

"ಸೌತೆಕಾಯಿ ಊಟವೇನಮ್ಮ?"

ಅಕ್ಕ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಚೆಲ್ಲದ ಹಾಗೆ ಬಹಳ ಜೋಪಾನವಾಗಿ ಅವನಿಗೇ ಕೊಟ್ಟಳು. ಅವನು ಮುಖ ಗಂಟು ಹಾಕಿಕೊಂಡು ಎದ್ದು ಹೋದ. ನನಗೂ ಹಸಿವಾಗಿತ್ತು. ಆ ಪಲಾವಿನ ಮೇಲೆ ಪುದೀನದ ವಾಸನೆ ಏಳುತ್ತಿತ್ತು. ಆದರೆ ಅವಳು ತಿನ್ನದೆ ಕೂತಿರುವಾಗ ಅವಳ ಮುಂದೆ ನಾನು ಹೇಗೆ ತಿನ್ನಲಿ? ಕಡಲೆಕಾಯಿ ಬಿಡಿಸಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಾ ಕೂತೆ.

ಊಟ ಮುಗಿದ ಮೇಲೆ ಮೊಮ್ಮಗಳು ದೊಡ್ಡ ರಾಟೆಗೆ ಅಜ್ಜಿ ಬರಬೇಕೆಂದು ಕೈ ಹಿಡಿದು ಎಳೆದಳು. ಬಿಸಿಲಿನಲ್ಲಿ ಸಾಲಿನಲ್ಲಿ ನಿಂತೆವು. ಅಕ್ಕನ ಕೈ ನನ್ನ ಕೈಯಲ್ಲಿತ್ತು, ಅದು ತಣ್ಣಗಿದೆ ಎಂದು ಅನ್ನಿಸಿತು. ನೀರಿನ ಹತ್ತಿರ ಕೂತಿದ್ದಕ್ಕೆ ಇರಬೇಕು ಎಂದು ಸುಮ್ಮನಾದೆ. ತೊಟ್ಟಿಲಲ್ಲಿ ನಾವು ಮೂವರು ಕೂತೆವು. ಅದು ನಿಧಾನವಾಗಿ ಮೇಲೇರಿ, ತುದಿಯಲ್ಲಿ ಒಂದು ಗಳಿಗೆ ನಿಂತಿತು. ಗಾಳಿ ಬೀಸುತ್ತಿತ್ತು. ಅಕ್ಕ ದೂರ ನೋಡುತ್ತಾ ಕೇಳಿದಳು.

"ಅಲ್ ಹೊಳೀತದಲ್ಲ, ಅದು ನಮ್ ಕೆರೆನಾ?"

ಅವಳು ತೋರಿಸಿದ ಕಡೆ ವಾಹನ ನಿಲ್ಲಿಸುವ ಜಾಗದ ತಗಡಿನ ಚಾವಣಿಗಳು ಬಿಸಿಲಿಗೆ ಮಿರುಗುತ್ತಿದ್ದವು.

"ಅಲ್ಲಕ್ಕ, ತಗಡು" ಎಂದೆ.

"ಹೌದಾ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಕೆರೆ ತುಂಬೈತೆ ಬುಡು" ಎಂದಳು. ಮೊಮ್ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ಕೆಳಗೆ ಇಳಿದ ಮೇಲೆ ಅವಳು ನಡೆಯಲಿಲ್ಲ. ನಿಂತಲ್ಲೇ ನಿಂತಳು. ಮುಖದ ಮೇಲೆ, ಕತ್ತಿನ ಮೇಲೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಹೊಸ ಸೀರೆಯ ರವಿಕೆ ಒದ್ದೆಯಾಗಿತ್ತು. ಕೈ ನಡುಗುತ್ತಿತ್ತು. ಪಕ್ಕದ ಕಲ್ಲುಬೆಂಚಿನ ಮೇಲೆ ಕೂರಿಸಿದೆ. ನನ್ನ ಮುಖ ನೋಡಿ, ಗುರುತು ಹತ್ತದವಳ ಹಾಗೆ ಕೇಳಿದಳು.

"ಅವ್ರು ಊಟ ಮಾಡುದ್ರಾ?"

"ಯಾರಕ್ಕ?"

"ಅಂಗ್ಡಿಯಿಂದ ಬಂದ್ರಲ್ಲ. ಊಟಕ್ಕೆ ಹಾಕು ಹೋಗವ್ವ."

ಹಿಂದೆ ಒಮ್ಮೆ ಬಾವನಿಗೆ ಹೀಗೆಯೇ ಆದದ್ದನ್ನು ನೋಡಿದ್ದೆ. ಇನ್ಸುಲಿನ್ ತೆಗೆದುಕೊಂಡು ಊಟ ತಡವಾಗಿ, ಇದೇ ಬೆವರು, ಇದೇ ಅಸಂಬದ್ಧ ಮಾತು. ಆವತ್ತು ಅಕ್ಕನೇ ಸಕ್ಕರೆ ಕದಡಿ ಕುಡಿಸಿ ಅವರನ್ನು ಉಳಿಸಿಕೊಂಡಿದ್ದಳು. ಶುಗರ್ ಏರಿದರೆ ವರ್ಷಗಟ್ಟಲೆ ಕಾಯುತ್ತದೆ, ಇಳಿದರೆ ಕಾಯುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ನನಗೆ ಹೇಳಿದ್ದವಳೂ ಅವಳೇ.

ಮಗ ಸೊಸೆ ದೂರದಲ್ಲಿದ್ದರು. ಅಪ್ಪನನ್ನು ಕರೆದುಕೊಂಡು ಬಾ ಎಂದು ಮಗುವಿಗೆ ಕೂಗಿದೆ. ಅವಳ ಕೈಯಲ್ಲಿ ಅರ್ಧ ಕುಡಿದ ಮಾವಿನಹಣ್ಣಿನ ಜ್ಯೂಸ್ ಬಾಟಲಿಯಿತ್ತು. ಅದನ್ನು ಕಸಿದುಕೊಂಡು ಅಕ್ಕನ ಬಾಯಿಗಿಟ್ಟೆ.

ಅಕ್ಕ ಹಲ್ಲು ಕಚ್ಚಿದಳು. ಬಾಟಲಿಯನ್ನು ಕೈಯಿಂದ ತಳ್ಳಿದಳು. ಒಂದಷ್ಟು ಜ್ಯೂಸು ಅವಳ ಸೆರಗಿನ ಮೇಲೆ ಚೆಲ್ಲಿತು.

"ಬ್ಯಾಡ. ಸಿಹಿ ಬ್ಯಾಡ ನಂಗೆ."

"ಕುಡಿಯಕ್ಕ, ಶುಗರ್ ಇಳ್ದೋಗಿದೆ. ಕುಡೀದಿದ್ರೆ ಬೀಳ್ತೀಯ."

"ನಂಗ್ ಬ್ಯಾಡ ಕಣೇ. ನಾನ್ ಬುಟ್ಟಿದೀನಿ."

ಮೈಮೇಲಿನ ಎಚ್ಚರವೆಲ್ಲ ಜಾರಿ ಹೋಗುತ್ತಿದ್ದರೂ ಆ ಒಂದು ಮಾತು ಮಾತ್ರ ಅವಳಲ್ಲಿ ಗಟ್ಟಿಯಾಗಿ ನಿಂತಿತ್ತು. ನನಗೆ ಸಿಟ್ಟು ಬಂತು, ಅಳು ಬಂತು. ಸಣ್ಣವರಿದ್ದಾಗ ನಮ್ಮವ್ವ ಹರಳೆಣ್ಣೆ ಕುಡಿಸುತ್ತಿದ್ದ ಹಾಗೆ, ಎಡಗೈಯಲ್ಲಿ ಅಕ್ಕನ ಗದ್ದ ಹಿಡಿದು, "ಬಾಯಿ ಬುಡು" ಎಂದು ಗದರಿದೆ. ಹುಟ್ಟಿದಾಗಿನಿಂದ ನಾನು ಅವಳನ್ನು ಗದರಿದವಳಲ್ಲ. ಅವಳು ಬೆದರಿ ಬಾಯಿ ತೆರೆದಳು. ಸ್ವಲ್ಪ ಸ್ವಲ್ಪವಾಗಿ ಹಾಕಿದೆ, ನುಂಗಿದಳೇ ಎಂದು ಗಂಟಲು ನೋಡಿಕೊಂಡು ಮತ್ತೆ ಹಾಕಿದೆ. ಅವಳ ಕಣ್ಣಿನಿಂದ ನೀರು ಬರುತ್ತಿತ್ತು. ವಿಷ ಕುಡಿಸುತ್ತಿದ್ದೇನೆ ಎನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದಳು.

ಮಗ ಓಡಿ ಬಂದ. ಅವನೂ ಪಾರ್ಕಿನವರೂ ಸೇರಿ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಪ್ರಥಮ ಚಿಕಿತ್ಸೆಯ ಕೋಣೆಗೆ ಕರೆದುಕೊಂಡು ಹೋದರು. ನರ್ಸ್ ಬೆರಳು ಚುಚ್ಚಿ ನೋಡಿದರು. ಜ್ಯೂಸ್ ಕುಡಿದ ಮೇಲೂ ಶುಗರ್ ಬಹಳ ಕಡಿಮೆಯೇ ಇತ್ತು. ಗ್ಲೂಕೋಸ್ ಪುಡಿ ಕದಡಿ ಕುಡಿಸಿದರು, ಬಿಸ್ಕತ್ತು ಕೊಟ್ಟರು. ಈ ಸಲ ಅಕ್ಕ ಹಟ ಮಾಡಲಿಲ್ಲ. ಹಟ ಮಾಡುವ ಶಕ್ತಿ ಇರಲಿಲ್ಲವೋ ಏನೋ. ನಿಧಾನವಾಗಿ ಬೆವರು ಆರಿತು. ಮುಖಕ್ಕೆ ಕಳೆ ಬಂತು. ನನ್ನ ಕಡೆ ತಿರುಗಿ ನನ್ನ ಹೆಸರು ಹಿಡಿದು ಕರೆದಳು. ಅದನ್ನು ಕೇಳಿ ನಾನು ಗೋಡೆಗೆ ಒರಗಿ ನಿಂತುಬಿಟ್ಟೆ.

ಇನ್ನೊಂದು ಸಲ ಪರೀಕ್ಷೆ ಮಾಡುವವರೆಗೆ ಹೋಗಬೇಡಿ ಎಂದು ನರ್ಸ್ ಹೇಳಿದ್ದರಿಂದ ಕೋಣೆಯ ಹೊರಗಿನ ನೆರಳಿನಲ್ಲಿ ಕೂತೆವು. ಮಗ ಸೊಸೆ ಒದ್ದೆ ಬಟ್ಟೆ ಬದಲಿಸಲು ಹೋಗಿದ್ದರು. ಮೊಮ್ಮಗಳು ಬೆಂಚಿನ ಇನ್ನೊಂದು ತುದಿಯಲ್ಲಿ ನಿದ್ದೆ ಹೋಗಿದ್ದಳು. ಎದುರಿನಲ್ಲಿ ಜನ ರೈಲಿನಲ್ಲಿ ಕೂತು ಕಿರುಚುತ್ತಿದ್ದರು. ನಾನೇ ಕೇಳಿದೆ.

"ಯಾಕಕ್ಕ ಇಷ್ಟೊಂದು? ಪ್ರಾಣ ಹೋಗೋ ಹೊತ್ನಲ್ಲೂ ಬ್ಯಾಡ ಅಂತೀಯಲ್ಲ. ಕಣ್ಣಿಗೆ ಹೆದ್ರಿಕೊಂಡು ಜೀವಾನೇ ಕಳ್ಕೋತೀಯಾ?"

ಅವಳು ಸೆರಗಿನ ಮೇಲಿನ ಜ್ಯೂಸಿನ ಕಲೆಯನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದಳು.

"ಎಲ್ರೂ ಕಣ್ಣಿಗೆ ಅಂತ ತಿಳ್ಕಂಡವ್ರೆ. ಕಣ್ಣಿಗೂ ಹೌದು" ಎಂದಳು. "ಕೊನೇ ಸಲ ಆಸ್ಪತ್ರೇಲಿದ್ರಲ್ಲ ನಿಮ್ ಬಾವ, ಆವಾಗ ಒಂದಿನ ಸಾಯಂಕಾಲ ಹೋಳಿಗೆ ಕೇಳುದ್ರು ಕಣೇ. ಒಂದ್ ಹೋಳಿಗೆ ಮಾಡ್ಕೊಂಡ್ ಬಾ, ಅರ್ಧ ಆದ್ರೂ ಸಾಕು ಅಂದ್ರು. ಎಳೇ ಮಕ್ಳು ಕೇಳ್ದಂಗೆ ಕೇಳುದ್ರು. ಮೊದ್ಲು ಶುಗರ್ ಇಳೀಲಿ, ಮನೆಗ್ ಹೋದ್ಮೇಲೆ ಮಾಡ್ಕೊಡ್ತೀನಿ ಅಂದೆ."

"ಡಾಕ್ಟ್ರು ಕೊಡ್ಬೇಡಿ ಅಂದಿದ್ರಲ್ಲಕ್ಕ."

"ಅಂದಿದ್ರು. ಅವ್ರು ಹೇಳ್ದಂಗೇ ಮಾಡ್ದೆ. ಆದ್ರೆ ಇವ್ರು ಮನೆಗ್ ಬರ್ಲಿಲ್ವಲ್ಲ."

ನಾನು ಅವಳ ಕೈ ಹಿಡಿದುಕೊಂಡೆ.

"ಊರೋರಿಗೆಲ್ಲ ಬಡಿಸ್ದೋಳು ನಾನು. ಕಟ್ಕೊಂಡೋರಿಗೆ ಅರ್ಧ ಹೋಳಿಗೆ ಇಲ್ಲ ಅಂದೆ. ಇನ್ ನಾನ್ ಹೆಂಗ್ ತಿನ್ಲಿ ಹೇಳು? ಆ ಬೆಳ್ಳಾವಿಯಮ್ಮ ಎಲ್ಲಾ ಬುಟ್ಬುಡಿ ಅಂದಾಗ ನಂಗ್ ಒಂಥರಾ ಸಮಾಧಾನ ಆಯ್ತು ಕಣೇ. ಯಾರೂ ಕಾರಣ ಕೇಳಲ್ವಲ್ಲ."

ನೀನು ಮಾಡಿದ್ದು ಸರಿ ಎಂದು ಹೇಳಬಹುದಿತ್ತು, ಅದು ಅವಳಿಗೆ ಗೊತ್ತಿತ್ತು. ಸರಿ ಮಾಡಿಯೂ ನೋವು ಉಳಿಯುವುದಾದರೆ ಅದಕ್ಕೆ ಬೇರೆಯವರು ಹೇಳುವ ಮಾತು ಯಾವುದಿದೆ? ಅವಳು ಅಳಲಿಲ್ಲ. ಮಲಗಿದ್ದ ಮಗುವಿನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಅದಕ್ಕೆ ಮೆತ್ತಿದ್ದ ಮರಳನ್ನು ಒರೆಸುತ್ತಾ ಕೂತಳು.

ಸಂಜೆ ಹೊರಗೆ ಬಂದು ಕಾರಿನ ಬಾಗಿಲು ತೆಗೆದಾಗ ಹುಳಿ ವಾಸನೆ ಬಡಿಯಿತು. ಕಾಯಿತುರಿ ಹಾಕಿದ ಪಲ್ಯ ಬಿಸಿಲಿಗೆ ಹಳಸಿ ಹೋಗಿತ್ತು. ಅಕ್ಕನ ಮಗ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದ. ಅಪ್ಪನನ್ನು ಕಳೆದುಕೊಂಡಾಗ ಎಲ್ಲರಿಗೂ ಧೈರ್ಯ ಹೇಳಿದ್ದ ಹುಡುಗ, ಆವತ್ತು ಕಾರಿನ ಹಿಂದೆ ನಿಂತು ಕಣ್ಣೊರೆಸಿಕೊಂಡ. ಆಮೇಲೆ ಮೂಲೆಯಲ್ಲಿ ಅದನ್ನು ಸುರಿದು, ಡಬ್ಬಿ ತೊಳೆದು ತಂದ.

ಎರಡು ದಿನ ಬಿಟ್ಟು ಅಕ್ಕನನ್ನು ತುಮಕೂರಿಗೆ ಕರೆಸಿಕೊಂಡು ಅವಳ ಶುಗರ್ ಡಾಕ್ಟರ ಹತ್ತಿರ ಹೋದೆ. ಎಲ್ಲವನ್ನೂ ಹೇಳಿದೆವು. ಅವರು ಮೊದಲು ಅಕ್ಕನನ್ನೇ ಕೇಳಿದರು.

"ಊಟ ಇಷ್ಟು ಕಮ್ಮಿ ಮಾಡಿದ್ದು ನನಗೆ ಯಾಕೆ ಹೇಳ್ಲಿಲ್ಲಮ್ಮ?"

"ಬೈತೀರ ಅಂತ."

"ಅನ್ನ ಮುದ್ದೆ ಕಮ್ಮಿ ಮಾಡಿದ್ದಕ್ಕೆ ಬೈಯಲ್ಲ. ನಾನು ಇನ್ಸುಲಿನ್ ಬರ್ದಿದ್ದು ನೀವು ಮುದ್ದೆ ಅನ್ನ ತಿಂತೀರ ಅಂತ ಲೆಕ್ಕ ಹಾಕಿ. ನೀವು ಊಟ ಇಳಿಸಿದ್ರೆ ನಾನು ಇನ್ಸುಲಿನ್ ಇಳಿಸ್ಬೇಕು. ಒಂದು ಇಳಿದು ಇನ್ನೊಂದು ಹಂಗೇ ಇದ್ರೆ ಏನಾಗುತ್ತೆ? ಪುಣ್ಯಕ್ಕೆ ತಂಗಿ ಪಕ್ಕದಲ್ಲಿದ್ರು."

ಇನ್ಸುಲಿನ್ ಪ್ರಮಾಣವನ್ನು ತುಂಬಾ ತಗ್ಗಿಸಿದರು. ಪಲ್ಯ, ಮಜ್ಜಿಗೆಯ ಊಟ ಮುಂದುವರಿಯಲಿ, ಆದರೆ ಮಧ್ಯಾಹ್ನ ಒಂದು ಸಣ್ಣ ಮುದ್ದೆ ಇರಲಿ, ಹೊತ್ತು ತಪ್ಪಿಸಬೇಡಿ ಎಂದರು. ಹೊರಗೆ ಹೋಗುವಾಗ ಜೊತೆಯಲ್ಲಿ ಬೆಲ್ಲವೋ ಸಕ್ಕರೆಯೋ ಇರಲೇಬೇಕು, ಅದು ಔಷಧಿ, ಸಿಹಿಯಲ್ಲ ಎಂದು ಒತ್ತಿ ಹೇಳಿದರು. ಆ ಮಾತು ಅಕ್ಕನಿಗೆ ಹಿಡಿಸಿತು. ಹೊರಗೆ ಬಂದ ಮೇಲೆ, "ಔಷ್ದಿ ಅಂದ್ಮೇಲೆ ತಕಾಬೋದು" ಎಂದು ತನಗೆ ತಾನೇ ಹೇಳಿಕೊಂಡಳು.

ಪ್ರತಿ ವರ್ಷ ಬಾವನ ಹೆಸರಿನಲ್ಲಿ ನಡೆಸುವ ಪೂಜೆ ಮಾಘದಲ್ಲಿ ಬಂತು. ಐನೋರು ಬಂದು ತೋಟದಲ್ಲಿ ಬಾವನನ್ನು ಮಣ್ಣು ಮಾಡಿದ ಗದ್ದುಗೆಯ ಹತ್ತಿರ ಪೂಜೆ ಮುಗಿಸಿದರು. ಅಕ್ಕ ಬೆಳಗಿನಿಂದ ಒಲೆಯ ಮುಂದೆ ಕೂತು ಹೋಳಿಗೆ ತಟ್ಟಿದ್ದಳು. ಕಣ್ಣು ಮಂಜಾಗಿದ್ದರೂ ಅವಳ ಕೈಯ ಹೋಳಿಗೆ ಒಂದು ಕಡೆಯೂ ಹರಿದಿರಲಿಲ್ಲ. ಮೊದಲ ಹೋಳಿಗೆಯನ್ನು ತುಪ್ಪ ಹಾಕಿ ಎಡೆಗಿಟ್ಟಳು. ಉಳಿದವರಿಗೆಲ್ಲ ತಾನೇ ಬಡಿಸಿದಳು. ಎಲ್ಲರ ಊಟವಾದ ಮೇಲೆ ಒಂದು ತುಂಡು ಮುರಿದು ನಾನು ಅವಳ ಬಾಯಿಯ ಹತ್ತಿರ ಹಿಡಿದೆ. ಡಾಕ್ಟರು ಹೇಳಿದ್ದಾರೆ, ಇಷ್ಟಕ್ಕೆ ಏನೂ ಆಗುವುದಿಲ್ಲ ಎಂದೆ. ಅವಳು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಅದನ್ನ ಶುಗರ್ ಜೊತೆ ಸೇರಿಸ್ಬ್ಯಾಡ ಕಣೇ. ಅದೇ ಬೇರೆ, ಬುಡು."

ನಾನು ಒತ್ತಾಯ ಮಾಡಲಿಲ್ಲ. ಕೆಲವು ಪಥ್ಯಗಳನ್ನು ಯಾವ ಡಾಕ್ಟರೂ ಬಿಡಿಸಲಾರರು.

ಈಗ ಅವಳ ಎಡಗಣ್ಣಿಗೆ ಬೆಳಕು ನೆರಳು ಮಾತ್ರ ತಿಳಿಯುತ್ತದೆ. ಬಲಗಣ್ಣು ಹಾಗೇ ಇದೆ, ಇನ್ನಷ್ಟು ಕೆಟ್ಟಿಲ್ಲ. ಇನ್ಸುಲಿನ್ ಪೆನ್ನಿನ ಮೇಲಿನ ಸಣ್ಣ ಅಂಕಿಗಳು ಅವಳಿಗೆ ಕಾಣುವುದಿಲ್ಲ. ಶಾಲೆಗೆ ಹೋಗುವ ಮುಂಚೆ ಮೊಮ್ಮಗಳು ಬಂದು ತಿರುಗಿಸಿ ಓದುತ್ತಾಳೆ, ಸೊಸೆ ಒಮ್ಮೆ ನೋಡಿ ಸರಿಯೆನ್ನುತ್ತಾಳೆ. ಹೋದ ವಾರ ನಾನು ಅಲ್ಲಿದ್ದೆ. ಅಕ್ಕ ಪೆನ್ನು ಹಿಡಿದುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಮಗು ಅವಳ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಅಜ್ಜಿ, ಮೊದ್ಲು ತಿಂಡಿ ತಟ್ಟೆ ಮುಂದಿಟ್ಕೋ. ಆಮೇಲೆ ಸೂಜಿ."

"ಆಯ್ತು ಕಣವ್ವ, ತಟ್ಟೆ ತತ್ತಾ" ಎಂದು ಅಕ್ಕ ಒಳಗಿದ್ದ ಸೊಸೆಗೆ ಕೇಳುವ ಹಾಗೆ ಕೂಗಿದಳು.